ನಾಟಕ ಬರೆದರೆ ಕಾಪಿರೈಟ್ ನೋಂದಣಿ ಕಡ್ಡಾಯವಾ?
ಗುಬ್ಬಿಯಲ್ಲಿ ಕೂತು ಸ್ವಂತ ನಾಟಕ ಬರೆದಿದ್ದೀರಿ, ಬೇರೆ ತಂಡ ಕದ್ದೀತು ಅನ್ನೋ ಭಯ. ನೋಂದಣಿ ಕಡ್ಡಾಯ ಅಲ್ಲ. 1957ರ ಕಾಯ್ದೆ ಪ್ರಕಾರ ಬರೆದ ಕೂಡಲೇ ಹಕ್ಕು ನಿಮ್ಮದು. ನೀವು ಬದುಕಿರುವಷ್ಟು ಕಾಲ, ಆಮೇಲೆ 60 ವರ್ಷ.

ಆದರೆ ಜಗಳ ಕೋರ್ಟಿಗೆ ಹೋದರೆ ‘ಇದು ನಂದೇ’ ಅಂತ ತೋರಿಸಬೇಕಲ್ವಾ? ಆಗ ನೋಂದಣಿಯೇ ಮೇಲ್ನೋಟದ ಸಾಕ್ಷಿ, ಅಂದರೆ ಬೇರೆಯವರು ತಪ್ಪು ಅಂತ ತೋರಿಸುವವರೆಗೆ ಕೋರ್ಟು ಒಪ್ಪುವ ಸಾಕ್ಷಿ. ಹಾಗಾಗಿ ಮಾಡಿಸಿಬಿಡಿ ಅಂತಲೇ ನಾನು ಹೇಳುವುದು. ಕಚೇರಿ ದೆಹಲಿಯಲ್ಲಿದೆ, ಆದರೆ ರೈಲು ಹತ್ತಬೇಕಿಲ್ಲ. ಆನ್‌ಲೈನ್‌ನಲ್ಲೇ ಅರ್ಜಿ ಹಾಕಬಹುದು. ನಾಟಕಕ್ಕೆ ಶುಲ್ಕ 500 ರೂಪಾಯಿ. ಡೈರಿ ನಂಬರ್ (ನಿಮ್ಮ ಅರ್ಜಿಗೆ ಕೊಡುವ ಸಂಖ್ಯೆ) ಬಂದ ಮೇಲೆ ಆಕ್ಷೇಪಣೆಗೆಂದು 30 ದಿನ ಕಾಯುತ್ತಾರೆ.

ಹಸ್ತಪ್ರತಿಯನ್ನು ನಮಗೆ ನಾವೇ ಅಂಚೆಯಲ್ಲಿ ಕಳಿಸಿಕೊಂಡರೆ ಸಾಕು ಅನ್ನುವವರಿದ್ದಾರೆ. ಸುಮ್ನೆ ಅದನ್ನು ನಂಬಬೇಡಿ, ನೋಂದಣಿಗೆ ಅದು ಸಮ ಅಲ್ಲ. ಇನ್ನೊಂದು, ಬರೀ ಕಥೆಯ ಎಳೆಗೆ ರಕ್ಷಣೆ ಸಿಗುವುದಿಲ್ಲ. ನೀವು ಬರೆದ ಮಾತು, ದೃಶ್ಯಗಳಿಗೆ ಸಿಗುತ್ತದೆ.