ರಾಣಿ ಕಾಣದಿದ್ದರೆ ಮೊಟ್ಟೆ ನೋಡಿ

ಪ್ರಶ್ನೆ: ತೊಗರಿ ಹೂವಿಗೆಂದು ಎರಡು ಮೆಲ್ಲಿಫೆರಾ (ಪೆಟ್ಟಿಗೆಯಲ್ಲಿ ಸಾಕುವ ಯುರೋಪಿನ ಜೇನು) ಜೇನುಪೆಟ್ಟಿಗೆ ತಂದು ಹದಿನೈದು ದಿನವಾಯಿತು. ದಿನಾ ತೆರೆದು ಹುಡುಕಿದರೂ ಒಂದರಲ್ಲಿ ರಾಣಿ ಸಿಗುತ್ತಿಲ್ಲ. ಹೊಸ ರಾಣಿ ತಂದು ಬಿಡಲೇ? (ಸೇಡಂ)

ಉತ್ತರ: ಮೊದಲು ದಿನಾ ತೆರೆಯುವುದನ್ನು ಬಿಡಿ. ತೊಗರಿ ಹೂ ಬಿಟ್ಟಾಗಲೆಲ್ಲ ಇದೇ ಪ್ರಶ್ನೆ ಬರುತ್ತದೆ. ಹೆಚ್ಚಿನ ಪೆಟ್ಟಿಗೆಗಳಲ್ಲಿ ರಾಣಿ ಇದ್ದೇ ಇರುತ್ತದೆ, ಸಾಯುವುದು ಹುಡುಕುವವರ ಕೈಯಲ್ಲಿ. ಮರಿಗಳಿಗೆ 34–35 ಡಿಗ್ರಿ ಕಾವು ಬೇಕು, ಮುಚ್ಚಳ ಎತ್ತಿದಾಗಲೆಲ್ಲ ಅದು ಕೆಡುತ್ತದೆ. ವಾರ, ಹತ್ತು ದಿನಕ್ಕೊಮ್ಮೆ ಸಾಕು.

ಬಾಗಿಲಲ್ಲಿ ಎರಡು ಮೂರು ಸಲ ಹೊಗೆ ಬಿಟ್ಟು ಒಂದೆರಡು ನಿಮಿಷ ತಡೆಯಿರಿ. ಹೊಗೆ ಅಂಗೈಗೆ ಸುಟ್ಟರೆ ಹುಳುವಿಗೂ ಸುಡುತ್ತದೆ, ಉರಿಯುವ ಕುಳ್ಳಿನ ಮೇಲೆ ಹಸಿ ಹುಲ್ಲು ಹಾಕಿ. ಎರಿ, ಅಂದರೆ ಮೇಣದ ಹಲ್ಲೆ, ಕಟ್ಟಿರುವ ಚೌಕಟ್ಟುಗಳಲ್ಲಿ ಅಂಚಿನದನ್ನು ಮೊದಲು ತೆಗೆದು ಹೊರಗಿಡಿ. ಆ ಜಾಗಕ್ಕೆ ಉಳಿದವನ್ನು ಸರಿಸಿಕೊಂಡು ಒಂದೊಂದಾಗಿ ಎತ್ತಿ. ನಡುವಿನದನ್ನೇ ಎಳೆದರೆ ಎರಡು ಎರಿಗಳ ಮಧ್ಯೆ ರಾಣಿ ಜಜ್ಜಿಹೋಗುತ್ತದೆ. ಬಿಸಿಲಿಗೆ ಬೆನ್ನು ಮಾಡಿ, ಚೌಕಟ್ಟನ್ನು ಪೆಟ್ಟಿಗೆಯ ಮೇಲೆಯೇ ಹಿಡಿದು, ಎರಿಯ ಕಣ್ಣುಗಳ (ಆರು ಮೂಲೆಯ ಸಣ್ಣ ಗೂಡುಗಳ) ತಳಕ್ಕೆ ಬೆಳಕು ಬೀಳುವಂತೆ ಓರೆ ಮಾಡಿ. ಕಣ್ಣಿಗೊಂದರಂತೆ ಬಿಳಿ ಮೊಟ್ಟೆ ಇರುತ್ತದೆ. ಇಟ್ಟ ದಿನ ನೆಟ್ಟಗೆ ನಿಂತಿರುತ್ತದೆ, ಮೂರನೆಯ ದಿನಕ್ಕೆ ಮಲಗುತ್ತದೆ, ಆಮೇಲೆ ಒಡೆಯುತ್ತದೆ. ಹೀಗೆ ಕಣ್ಣಿಗೊಂದು ಮೊಟ್ಟೆ ಕಂಡಿತೆಂದರೆ ಮೂರು ದಿನದ ಈಚೆಗೆ ರಾಣಿ ಅಲ್ಲಿತ್ತು. ಅದೇ ಕ್ರಮದಲ್ಲಿ, ಅದೇ ಮುಖಕ್ಕೆ ಚೌಕಟ್ಟು ಇಟ್ಟು ಮುಚ್ಚಿ.

ಮೊಟ್ಟೆ ಇಲ್ಲದೆ ಶೇಂಗಾಕಾಯಿಯಂಥ ರಾಣಿಕೋಶ (ಹೊಸ ರಾಣಿ ಬೆಳೆಯುವ ಗೂಡು) ಜೋತಿದ್ದರೆ ಅದನ್ನು ಒಡೆಯಬೇಡಿ. ಮೊಟ್ಟೆಯಿಂದ ರಾಣಿ ಹೊರಬರಲು 16 ದಿನ ಬೇಕು, ಗಂಡುಹುಳುಗಳೊಡನೆ ಕೂಡಿ ಬಂದು ಮೊಟ್ಟೆ ಇಡಲು ಮತ್ತೆ ಒಂದೆರಡು ವಾರ. ಈ ನಡುವೆ ದುಡ್ಡು ಕೊಟ್ಟು ತಂದ ರಾಣಿಯನ್ನು ಹುಳುಗಳೇ ಕೊಲ್ಲುತ್ತವೆ. ಅನುಮಾನವಿದ್ದರೆ ಇನ್ನೊಂದು ಪೆಟ್ಟಿಗೆಯಿಂದ ಹೊಸ ಮೊಟ್ಟೆಯಿರುವ ಚೌಕಟ್ಟನ್ನು ತೆಗೆದು, ಹುಳು ಕೊಡವಿ, ಇದಕ್ಕೆ ಕೊಡಿ. 3–4 ದಿನದಲ್ಲಿ ಅದರ ಮೇಲೆ ರಾಣಿಕೋಶ ಎದ್ದರೆ ರಾಣಿ ಇಲ್ಲ, ಆಗ ಕೊಳ್ಳುವ ಮಾತು. ಒಂದೇ ಕಣ್ಣಿನ ಗೋಡೆಗೆ ಮೂರು ನಾಲ್ಕು ಮೊಟ್ಟೆ ಅಂಟಿದ್ದರೆ ಕೆಲಸಗಾರ ಹುಳುಗಳೇ ಇಡುತ್ತಿವೆ. ಅಂಥದಕ್ಕೆ ರಾಣಿ ಕೊಟ್ಟರೂ ಉಳಿಯುವುದು ಕಷ್ಟ, ಹುಳು ತುಂಬಿದ ಗಟ್ಟಿ ಪೆಟ್ಟಿಗೆಗೆ ಕೂಡಿಸಿಬಿಡಿ.

ಪ್ರಶ್ನೆ: ಎರಿ ತಿನ್ನುವ ಮೇಣದ ಹುಳಕ್ಕೆ (ಪತಂಗದ ಮರಿ) ನುಸಿ ಗುಳಿಗೆ (ನ್ಯಾಫ್ತಲಿನ್) ಇಡಬಹುದೇ? (ಭಾಲ್ಕಿ)

ಬೇಡವೇ ಬೇಡ. ಅದು ಮೇಣಕ್ಕೂ ಜೇನುತುಪ್ಪಕ್ಕೂ ಹತ್ತುತ್ತದೆ. ಜೇನುಹುಳು ಕೂರದ ಎರಿ ಹೊರಗೆ ತೆಗೆಯಿರಿ, ತಳಹಲಗೆಯ ಕಸ ಪ್ರತಿ ಸಲ ಕೆರೆಯಿರಿ. ಗುಳಿಗೆಯನ್ನೇ ಔಷಧವೆಂದು ಮಾರುವವರನ್ನು ಹೊಲದ ಹತ್ತಿರ ಬಿಟ್ಟುಕೊಳ್ಳಬೇಡಿ.

ಪ್ರಶ್ನೆ: ಜೇನುಹುಳುಗಳಿಗೆ ಆಹಾರವಾಗಿ ಸಕ್ಕರೆ ಪಾಕದ ಬದಲು ಬೆಲ್ಲದ ಪಾಕ ಕೊಡಬಹುದೇ?

ಹುಳುಗಳಿಗೆ ಭೇದಿ ಹತ್ತುತ್ತದೆ. ಸಕ್ಕರೆ, ನೀರು ಸಮ ಸಮ ಬೆರೆಸಿ, ಸಂಜೆ, ಪೆಟ್ಟಿಗೆಯೊಳಗೇ ಇಡಿ.

ಪ್ರಶ್ನೆ: ಹೆಜ್ಜೇನನ್ನು ಪೆಟ್ಟಿಗೆಗೆ ಹಾಕಬಹುದೇ?

ಇಲ್ಲ.

ಪ್ರಶ್ನೆ: ಪಕ್ಕದ ಹೊಲದವರು ತೊಗರಿಗೆ ಔಷಧ ಹೊಡೆಯುತ್ತಾರೆ. ಏನು ಮಾಡಲಿ? (ಶಹಾಪುರ)

ಹುಳು ಗೂಡು ಸೇರಿದ ಮೇಲೆ, ಸಂಜೆ ಹೊಡೆಯಲು ಈಗಲೇ ಕೇಳಿಕೊಳ್ಳಿ. ಒಪ್ಪದಿದ್ದರೆ ಹಿಂದಿನ ರಾತ್ರಿಯೇ ಪೆಟ್ಟಿಗೆ ಬೇರೆ ಊರಿನ ಹೊಲಕ್ಕೆ ಸಾಗಿಸಿ.