ಬೇಡ ಅಂದ್ರೆ ಬದಲಾಯಿಸಬಹುದಲ್ವಾ? ಮತ್ತೆ ಗೂಗಲ್ ಮೇಲೆ ಕೇಸ್ ಯಾಕೆ?

ಪ್ರಶ್ನೆ: ಗೂಗಲ್ ಸರ್ಚ್ ಪುಕ್ಕಟೆ. ಯಾರೂ ಬಲವಂತ ಮಾಡಿಲ್ಲ. ಚೆನ್ನಾಗಿದೆ ಅಂತ ಜನ ಬಳಸುತ್ತಾರೆ. ಹಾಗಿದ್ದರೂ ಅಮೆರಿಕ ಸರ್ಕಾರ ಕೋರ್ಟಿಗೆ ಹೋಗಿದ್ದು ಯಾಕೆ? ದೊಡ್ಡದಾಗಿ ಬೆಳೆದದ್ದೇ ತಪ್ಪಾ?
– ಕಾಲೇಜು ವಿದ್ಯಾರ್ಥಿ, ಧಾರವಾಡ

ಉತ್ತರ: ದೊಡ್ಡದಾಗಿ ಬೆಳೆಯೋದು ತಪ್ಪಲ್ಲ. ಅಮೆರಿಕದ ಕಾನೂನೂ ಹಾಗೆ ಹೇಳೋದಿಲ್ಲ, ನಮ್ಮದೂ ಹೇಳೋದಿಲ್ಲ. ಒಳ್ಳೆ ಸರಕು ಇಟ್ಟು ಗಿರಾಕಿ ಗಳಿಸಿದವರನ್ನು ಯಾರೂ ಪ್ರಶ್ನೆ ಮಾಡುವುದಿಲ್ಲ. ಗಳಿಸಿದ ಮೇಲೆ ಬೇರೆಯವರು ಸಂತೆಯೊಳಗೆ ಕಾಲಿಡದ ಹಾಗೆ ದಾರಿಗೆ ಅಡ್ಡ ಕೂತರೆ ಆಗ ಸರ್ಕಾರ ಕೇಳುತ್ತದೆ.

ಆ ದಾರಿ ಯಾವುದು ಅಂತ ತಿಳಿಯೋಕೆ ನಿಮ್ಮ ಫೋನನ್ನೇ ನೋಡಿ. ಹೆಚ್ಚಿನ ಆಂಡ್ರಾಯ್ಡ್ ಫೋನ್‌ಗಳನ್ನು ಡಬ್ಬಿಯಿಂದ ತೆಗೆದು ಆನ್ ಮಾಡಿದರೆ ಮೊದಲ ಪರದೆಯಲ್ಲೇ ಉದ್ದನೆಯ ಒಂದು ಪಟ್ಟಿ ಇರುತ್ತದೆ. ಅದರ ಎಡತುದಿಯಲ್ಲಿ ನಾಲ್ಕು ಬಣ್ಣದ ‘ಜಿ’. ಅದನ್ನು ನೀವು ಹಾಕಿಕೊಂಡಿಲ್ಲ, ಮೊಬೈಲ್ ಅಂಗಡಿಯವರೂ ಹಾಕಿಲ್ಲ. ಐಫೋನ್‌ನಲ್ಲಿ ಸಫಾರಿ ಬ್ರೌಸರ್ ತೆರೆದು ಏನು ಟೈಪ್ ಮಾಡಿದರೂ ಹುಡುಕಾಟ ಹೋಗೋದು ಅಲ್ಲಿಗೇ. ಹೀಗೆ ಮೊದಲೇ ಕೂರಿಸಿಟ್ಟಿರೋದಕ್ಕೆ ಡಿಫಾಲ್ಟ್ ಅಂತಾರೆ. ಈ ಜಾಗ ಹಿಡಿಯೋಕೆ ಗೂಗಲ್ 2021ರ ಒಂದೇ ವರ್ಷ 2,630 ಕೋಟಿ ಡಾಲರ್ ಕೊಟ್ಟಿದೆ. 2022ರಲ್ಲಿ ಆಪಲ್ ಒಂದಕ್ಕೇ ಸುಮಾರು 2,000 ಕೋಟಿ ಡಾಲರ್ ಹೋಗಿದೆ. ವಿಚಾರಣೆ ನಡೆದಿದ್ದರಿಂದಲೇ ಈ ಲೆಕ್ಕ ಹೊರಗೆ ಬಂತು.

ಜನ ಹೇಗಿದ್ದರೂ ತಮ್ಮನ್ನೇ ಹುಡುಕಿಕೊಂಡು ಬರ್ತಾರೆ ಅನ್ನೋ ಧೈರ್ಯ ಇದ್ದಿದ್ದರೆ ಇಷ್ಟು ದುಡ್ಡು ಸುರಿಯಬೇಕಿತ್ತಾ? ಸೆಟ್ಟಿಂಗ್ಸ್‌ಗೆ ಹೋಗಿ ಬದಲಾಯಿಸೋ ಜನ ತೀರಾ ಕಮ್ಮಿ. ಮೈಕ್ರೋಸಾಫ್ಟ್‌ನ ಮುಖ್ಯಸ್ಥ ಸತ್ಯ ನಾದೆಲ್ಲ (ನಮ್ಮ ಮಣಿಪಾಲದಲ್ಲಿ ಎಂಜಿನಿಯರಿಂಗ್ ಓದಿದವರು) 2023ರ ಅಕ್ಟೋಬರ್‌ನಲ್ಲಿ ಸಾಕ್ಷಿ ಹೇಳುವಾಗ ಇದನ್ನೇ ಹೇಳಿದರು: ಬೆಳಗ್ಗೆ ಏಳ್ತೀವಿ, ಹಲ್ಲುಜ್ಜುತ್ತೀವಿ, ಗೂಗಲ್‌ನಲ್ಲಿ ಹುಡುಕ್ತೀವಿ. ಅವರು ಎದುರಾಳಿ ಕಂಪನಿಯವರು, ಅದನ್ನು ಮನಸ್ಸಿನಲ್ಲಿಟ್ಟುಕೊಂಡೇ ಕೇಳಬೇಕು. ಆದರೆ ಮಾತು ಸುಳ್ಳಲ್ಲ.

ಇದರಿಂದ ನಮಗೇನು ನಷ್ಟ ಅಂತ ಕೇಳಬಹುದು. ಇಲ್ಲಿ ಸ್ವಲ್ಪ ನಿಂತು ಹೇಳ್ತೀನಿ, ಯಾಕೆಂದರೆ ಕನ್ನಡದವರಿಗೆ ಇದು ತಟ್ಟುವ ವಿಷಯ. ಮಲೆನಾಡಿನಲ್ಲಿ ಜಡಿಮಳೆ ಹಿಡಿದಾಗ ಒಬ್ಬರು ‘ಅಡಿಕೆ ಕೊಳೆ ರೋಗ’ ಅಂತ ಹುಡುಕ್ತಾರೆ. ಇನ್ನೊಬ್ಬರು ಅದನ್ನೇ ಇಂಗ್ಲಿಷ್ ಅಕ್ಷರದಲ್ಲಿ ಬರೀತಾರೆ. ಮತ್ತೊಬ್ಬರು ‘ಮೈಲುತುತ್ತು ಸುಣ್ಣ ಎಷ್ಟು’ ಅಂತ ಮಾತ್ರ ಕೇಳ್ತಾರೆ. ಮೂವರಿಗೂ ಬೇಕಿರೋದು ಬೋರ್ಡೋ ದ್ರಾವಣದ (ಮೈಲುತುತ್ತು, ಸುಣ್ಣ ಬೆರೆಸಿ ಅಡಿಕೆಗೆ ಸಿಂಪಡಿಸೋ ಔಷಧದ) ಅಳತೆ. ಇದು ಯಂತ್ರಕ್ಕೆ ಹೇಗೆ ತಿಳಿಯುತ್ತೆ? ಜನ ಏನು ಕೇಳಿದರು, ಕೊನೆಗೆ ಯಾವ ಲಿಂಕ್ ಒತ್ತಿದರು ಅನ್ನೋದನ್ನು ನೋಡಿ ನೋಡಿ ಕಲಿಯುತ್ತದೆ. ಸಿನಿಮಾ ತಾರೆಯರ ಹೆಸರನ್ನು ಎಲ್ಲರೂ ಹುಡುಕ್ತಾರೆ, ಯಾವ ಸರ್ಚ್ ಎಂಜಿನ್ ಆದರೂ ಕಲಿತೀತು. ಕೊಳೆ ರೋಗದಂಥ ಅಪರೂಪದ ಪ್ರಶ್ನೆಗೆ ದಿನಕ್ಕೆ ಕೋಟಿಗಟ್ಟಲೆ ಹುಡುಕಾಟ ಬರುವ ಕಡೆ ಮಾತ್ರ ಒಳ್ಳೆ ಉತ್ತರ ಸಿಗುತ್ತದೆ. ಉಳಿದೆಲ್ಲ ಎದುರಾಳಿಗಳನ್ನು ಸೇರಿಸಿದರೂ ಗೂಗಲ್‌ಗೆ ಅದರ ಒಂಬತ್ತು ಪಟ್ಟು ಹುಡುಕಾಟ ಬರುತ್ತದೆ, ಮೊಬೈಲ್‌ನಲ್ಲಿ ಹತ್ತೊಂಬತ್ತು ಪಟ್ಟು, ಅಂತ ಅಮೆರಿಕದ ತೀರ್ಪೇ ಹೇಳಿದೆ. ಡಿಫಾಲ್ಟ್ ಇದ್ದವರಿಗೆ ಹುಡುಕಾಟ ಜಾಸ್ತಿ. ಹುಡುಕಾಟ ಜಾಸ್ತಿ ಆದಷ್ಟೂ ಉತ್ತರ ಚೆನ್ನ, ಜಾಹೀರಾತಿನ ದುಡ್ಡೂ ಜಾಸ್ತಿ. ಆ ದುಡ್ಡಿನಲ್ಲಿ ಮತ್ತೆ ಡಿಫಾಲ್ಟ್ ಜಾಗ. ಹೊಸಬರು ಎಷ್ಟೇ ಬುದ್ಧಿವಂತರಾದರೂ ಈ ಸುತ್ತಿನೊಳಗೆ ನುಗ್ಗೋದು ಕಷ್ಟ.

ಕೇಸ್ ಹಾಕಿದ್ದು 2020ರ ಅಕ್ಟೋಬರ್ 20ರಂದು, ಟ್ರಂಪ್ ಸರ್ಕಾರ. ಮುಂದುವರಿಸಿದ್ದು ಬೈಡನ್ ಸರ್ಕಾರ. ಹಾಗಾಗಿ ಇದನ್ನು ಒಂದು ಪಕ್ಷದ ಹಗೆ ಅಂತ ತಳ್ಳಿಹಾಕೋ ಹಾಗಿಲ್ಲ. 2024ರ ಆಗಸ್ಟ್ 5ರಂದು ನ್ಯಾಯಾಧೀಶ ಅಮಿತ್ ಮೆಹ್ತಾ ತೀರ್ಪು ಕೊಟ್ಟರು: ಗೂಗಲ್‌ಗೆ ಏಕಸ್ವಾಮ್ಯ ಇದೆ, ಅದನ್ನು ಉಳಿಸಿಕೊಳ್ಳೋಕೆ ಅದು ಕಾನೂನು ಮೀರಿದೆ. ಅದನ್ನು ಸರಿಪಡಿಸೋಕೆ ಗೂಗಲ್ ಏನು ಮಾಡಬೇಕು ಅನ್ನೋ ಆದೇಶ 2025ರ ಸೆಪ್ಟೆಂಬರ್ 2ರಂದು ಬಂತು. ಗೂಗಲ್ ತನ್ನ ಬ್ರೌಸರ್ ಕ್ರೋಮ್ ಅನ್ನು ಮಾರಬೇಕು ಅಂತ ಸರ್ಕಾರ ಕೇಳಿತ್ತು, ಅದಕ್ಕೆ ಅವರು ಒಪ್ಪಲಿಲ್ಲ. ಬೇರೆಯವರನ್ನು ಹೊರಗಿಡುವ ಒಪ್ಪಂದ ಮಾಡಿಕೊಳ್ಳಬಾರದು, ಹುಡುಕಾಟದ ಕೆಲವು ಮಾಹಿತಿಯನ್ನು ಅರ್ಹ ಎದುರಾಳಿಗಳಿಗೆ ಕೊಡಬೇಕು ಅಂದರು. ಡಿಫಾಲ್ಟ್‌ಗೆ ದುಡ್ಡು ಕೊಡೋದನ್ನು ಪೂರ್ತಿ ನಿಲ್ಲಿಸಲಿಲ್ಲ. ನನಗೆ ಇದು ಮೆತ್ತಗಾಯಿತು ಅನ್ನಿಸುತ್ತದೆ. ಆದರೆ ಮಾಹಿತಿ ಹಂಚಿಕೊಳ್ಳೋ ಮಾತು ಸಣ್ಣದಲ್ಲ. ನಮ್ಮ ಕೊಳೆ ರೋಗದಂಥ ಪ್ರಶ್ನೆಗಳಿಗೆ ಇನ್ನೊಬ್ಬರೂ ಉತ್ತರ ಕಲಿಯೋಕೆ ಇರೋ ದಾರಿ ಅದೇ.

ಪ್ರಶ್ನೆ: ನಮ್ಮ ದೇಶದಲ್ಲೂ ಗೂಗಲ್‌ಗೆ ಸಾವಿರಾರು ಕೋಟಿ ದಂಡ ಅಂತ ಓದಿದ್ದೆ. ಆ ದುಡ್ಡು ಯಾರಿಗೆ ಹೋಗುತ್ತೆ? ಗ್ರಾಹಕರಿಗೆ ಏನಾದರೂ ಬರುತ್ತಾ?
– ನಿವೃತ್ತ ಶಿಕ್ಷಕಿ, ಹಾಸನ

ಉತ್ತರ: ಗ್ರಾಹಕರ ಕೈಗೆ ಬರೋದಿಲ್ಲ ಮೇಡಂ. ಭಾರತೀಯ ಸ್ಪರ್ಧಾ ಆಯೋಗ ವಸೂಲಿ ಮಾಡಿದ ದಂಡ ಕೇಂದ್ರ ಸರ್ಕಾರದ ಸಂಚಿತ ನಿಧಿಗೆ ಸೇರುತ್ತದೆ.

ಮೊದಲ ದೊಡ್ಡ ದಂಡ 2018ರ ಫೆಬ್ರುವರಿಯಲ್ಲಿ, 135.86 ಕೋಟಿ ರೂಪಾಯಿ. ಅದು ಸರ್ಚ್ ಬಗ್ಗೆಯೇ ಇತ್ತು. ವಿಮಾನದ ಟಿಕೆಟ್ ಹುಡುಕಿದರೆ ಗೂಗಲ್ ತನ್ನದೇ ಪೆಟ್ಟಿಗೆಯನ್ನು ಕಣ್ಣಿಗೆ ಹೊಡೆಯೋ ಹಾಗೆ ಇಟ್ಟು, ತನ್ನದೇ ಪುಟಕ್ಕೆ ಕರೆದೊಯ್ಯುತ್ತಿತ್ತು ಅನ್ನೋದು ಆಯೋಗ ಕಂಡ ತಪ್ಪುಗಳಲ್ಲಿ ಒಂದು. ನೀವು ಓದಿದ್ದು ಬಹುಶಃ 2022ರ ಅಕ್ಟೋಬರ್‌ನ ಆಂಡ್ರಾಯ್ಡ್ ಆದೇಶ, 1,337.76 ಕೋಟಿ. ಪ್ಲೇ ಸ್ಟೋರ್ ಬೇಕಿದ್ದರೆ ಸರ್ಚ್, ಕ್ರೋಮ್ ಎಲ್ಲವನ್ನೂ ಒಟ್ಟಿಗೆ ತಗೊಳ್ಳಿ ಅಂತ ಫೋನ್ ಕಂಪನಿಗಳಿಗೆ ಕಟ್ಟುಪಾಡು ಹಾಕಿದ್ದರ ಮೇಲೆ. 2023ರ ಮಾರ್ಚ್‌ನಲ್ಲಿ ಮೇಲ್ಮನವಿ ನ್ಯಾಯಮಂಡಳಿ ಆ ದಂಡವನ್ನು ಎತ್ತಿಹಿಡಿಯಿತು, ಆಯೋಗದ ಕೆಲವು ಸೂಚನೆಗಳನ್ನು ಮಾತ್ರ ಕೈಬಿಟ್ಟಿತು.

ದಂಡಕ್ಕಿಂತ ಆದೇಶದ ಜೊತೆಗಿದ್ದ ಸೂಚನೆಗಳೇ ನಮಗೆ ಮುಖ್ಯ. ಸುಪ್ರೀಂ ಕೋರ್ಟ್ ತಡೆ ಕೊಡಲಿಲ್ಲ ಅನ್ನೋ ಕಾರಣಕ್ಕೇ 2023ರ ಜನವರಿಯಲ್ಲಿ ಗೂಗಲ್ ಭಾರತದಲ್ಲಿ ತನ್ನ ನಿಯಮ ಬದಲಿಸೋದಾಗಿ ಹೇಳಿತು. ಫೋನ್ ಕಂಪನಿಗಳು ಆ್ಯಪ್‌ಗಳನ್ನು ಬಿಡಿಬಿಡಿಯಾಗಿ ತಗೊಳ್ಳಬಹುದು, ಹೊಸ ಫೋನ್ ಶುರು ಮಾಡುವಾಗ ಯಾವ ಸರ್ಚ್ ಎಂಜಿನ್ ಬೇಕು ಅಂತ ಬಳಸುವವರನ್ನೇ ಕೇಳಲಾಗುತ್ತದೆ ಅಂತ.

ಪ್ರಶ್ನೆ: ಈಗಿರೋ ಫೋನ್‌ನಲ್ಲೇ ಬದಲಾಯಿಸೋದು ಹೇಗೆ?
– ಗೃಹಿಣಿ, ತುಮಕೂರು

ಉತ್ತರ: ಕ್ರೋಮ್ ತೆರೆಯಿರಿ. ಮೂರು ಚುಕ್ಕಿ ಒತ್ತಿ, ಸೆಟ್ಟಿಂಗ್ಸ್, ಅಲ್ಲಿ ‘ಸರ್ಚ್ ಎಂಜಿನ್’. ಒಂದು ಪಟ್ಟಿ ಬರುತ್ತದೆ, ಬೇಕಾದದ್ದನ್ನು ಆರಿಸಿ. ಇಷ್ಟವಾಗದಿದ್ದರೆ ಅದೇ ದಾರಿಯಲ್ಲಿ ವಾಪಸ್ ಬರಬಹುದು. ಒಂದು ವಾರ ಬಳಸಿ ನೋಡಿ. ಸುಮ್ನೆ ಹೆಸರು ಹುಡುಕಬೇಡಿ, ನಿಮಗೆ ನಿಜಕ್ಕೂ ಬೇಕಿರೋದನ್ನು ಕನ್ನಡದಲ್ಲೇ ಕೇಳಿ: ಊರಿನ ಬಸ್ ಸಮಯ, ಪಹಣಿ ತೆಗೆಯೋ ರೀತಿ, ಮಗುವಿಗೆ ರಾಗಿ ಸರಿ ಮಾಡೋದು. ಎಲ್ಲಿ ಸರಿಯಾದ ಉತ್ತರ ಬಂತು, ಎಲ್ಲಿ ಬರಲಿಲ್ಲ ಅಂತ ನಮಗೂ ಬರೆದು ತಿಳಿಸಿ.