ಬೆಂಕಿ ಎಷ್ಟು ಆಳಕ್ಕೆ ಇಳಿಯಿತು?

ಕೆನಡಾದ ಎಡ್ಮಂಟನ್‌ನಿಂದ ಪತ್ರ ಬರೆದ ಓದುಗರಿಗೆ ನಮಸ್ಕಾರ.

ಉತ್ತರ ಅಮೆರಿಕದ ಕಾಡ್ಗಿಚ್ಚಿನ ಬಗ್ಗೆ ಕಳೆದ ಸಂಚಿಕೆಯಲ್ಲಿ ಬಂದ ಲೇಖನ ನಿಮಗೆ ಬೇಸರ ತಂದಿದೆ. "2023ರ ಬೇಸಿಗೆಯಲ್ಲಿ ಹೊಗೆಗೆ ಹೆದರಿ ಕಿಟಕಿ ಮುಚ್ಚಿ, ಮಗುವನ್ನು ಮನೆಯೊಳಗೇ ಕೂರಿಸಿಕೊಂಡಿದ್ದೆವು. ನೀವು ನೋಡಿದರೆ ಅಲ್ಲಿನ ಕಾಡಿಗೆ ಬೆಂಕಿ ಬೇಕು ಅಂತೀರಿ. ಮತ್ತೆ ಬೆಳೆಯುತ್ತೆ ಅಂತ ಸುಮ್ನೆ ಇರಬೇಕಾ? ಹಾಗಾದ್ರೆ ಆರಿಸೋದು ಯಾಕೆ?" ಎಂದು ಕೇಳಿದ್ದೀರಿ. ಸುಟ್ಟ ಕಾಡನ್ನು ಒಮ್ಮೆ ನೋಡಿಬರುವ ಆಸೆಯಿದೆ ಎಂದೂ ಬರೆದಿದ್ದೀರಿ.

ನಿಮ್ಮ ಕೋಪ ನ್ಯಾಯವಾದದ್ದೇ. ಆ ವರ್ಷ ಕೆನಡಾದಲ್ಲಿ ಸುಮಾರು 1.5 ಕೋಟಿ ಹೆಕ್ಟೇರ್ ಸುಟ್ಟಿತು. ಕರ್ನಾಟಕದ ಮುಕ್ಕಾಲು ಪಾಲಿನಷ್ಟು ನೆಲ ಅದು. ಆಗಸ್ಟ್‌ನಲ್ಲಿ ಅಲ್ಲಿನ ಉತ್ತರ ಭಾಗದ ಯೆಲ್ಲೋನೈಫ್ ನಗರದ ಸುಮಾರು 20,000 ಜನ ಊರು ಬಿಟ್ಟು ಹೋಗಬೇಕಾಯಿತು. ಅವರ ಮುಂದೆ ನಿಂತು 'ಇದೆಲ್ಲ ಪ್ರಕೃತಿಯ ನಿಯಮ' ಅಂತ ಹೇಳಲು ನನಗೆ ಬಾಯಿ ಬರುವುದಿಲ್ಲ.

ಆದರೂ ಲೇಖನದ ಮಾತು ನಿಜ. ಅಲಾಸ್ಕಾದ ಒಳನಾಡಿನಲ್ಲಿ, ಕೆನಡಾದ ಉತ್ತರದಲ್ಲಿ ಕಪ್ಪು ಸ್ಪ್ರೂಸ್ ಎಂಬ ಸೂಜಿಯೆಲೆಯ ಮರಗಳು ಜಾಸ್ತಿ. ಅವುಗಳ ಕಾಯಿಗಳು ಮರದ ತುದಿಯಲ್ಲಿ ಗೊಂಚಲಾಗಿ, ರಾಳ ಮೆತ್ತಿಕೊಂಡು ವರ್ಷಗಟ್ಟಲೆ ಇರುತ್ತವೆ. ಬೆಂಕಿಯ ಕಾವಿಗೆ ರಾಳ ಕರಗಿದಾಗ ಬಾಯಿ ಬಿಟ್ಟು ಬೀಜ ಉದುರಿಸುತ್ತವೆ. ಹಳೆಯ ಮರ ಸತ್ತ ಜಾಗದಲ್ಲೇ ಅದೇ ಜಾತಿಯ ಸಸಿ ಏಳುತ್ತದೆ. ನೂರು ವರ್ಷದ ಆಸುಪಾಸಿಗೊಮ್ಮೆ ಹೀಗೆ ಸುಟ್ಟು ಬೆಳೆಯುವುದು ಸಾವಿರಾರು ವರ್ಷಗಳಿಂದ ನಡೆದುಬಂದಿದೆ.

ಹಾಗಾಗಿ ಎಷ್ಟು ಕಾಡು ಸುಟ್ಟಿತು ಅನ್ನುವುದಕ್ಕಿಂತ ಬೆಂಕಿ ನೆಲದೊಳಗೆ ಎಷ್ಟು ಆಳಕ್ಕೆ ಇಳಿಯಿತು ಅನ್ನುವುದು ದೊಡ್ಡ ಪ್ರಶ್ನೆ. ಸಂಶೋಧಕರು ಇತ್ತೀಚೆಗೆ ಇದರ ಹಿಂದೆಯೇ ಬಿದ್ದಿದ್ದಾರೆ.

ಆ ಕಾಡಿನ ನೆಲದ ಮೇಲೆ ಹಾವಸೆ ಮತ್ತು ಅರೆಬರೆ ಕೊಳೆತ ಎಲೆಕಸದ ದಪ್ಪ ಪದರವಿದೆ. ಅದರ ಕೆಳಗೆ ಎಷ್ಟೋ ಕಡೆ ಬೇಸಿಗೆಯಲ್ಲೂ ಕರಗದ ಹೆಪ್ಪುನೆಲ, ಅಂದರೆ ಪರ್ಮಾಫ್ರಾಸ್ಟ್. ಬಿಸಿಲಿನ ಶಾಖ ಅದಕ್ಕೆ ತಟ್ಟದಂತೆ ಮೇಲಿನ ಪದರ ಕೌದಿಯ ಹಾಗೆ ಕಾಯುತ್ತದೆ. ಮೇಲ್ಮೇಲೆ ಸುಟ್ಟರೆ ಸ್ಪ್ರೂಸ್ ಮರಳಿ ಬರುತ್ತದೆ. ಪದರ ಬುಡದವರೆಗೂ ಉರಿದು ಬರೀ ಮಣ್ಣು ಕಂಡರೆ, ಗಾಳಿಯಲ್ಲಿ ಹಾರಿಬರುವ ಆಸ್ಪೆನ್, ಬರ್ಚ್ ಬೀಜಗಳು ಅಲ್ಲಿ ಬೇರೂರುತ್ತವೆ. 2004ರಲ್ಲಿ ಅಲಾಸ್ಕಾದಲ್ಲಿ ಸುಮಾರು 27 ಲಕ್ಷ ಹೆಕ್ಟೇರ್ ಸುಟ್ಟ ಮೇಲೆ ಆಳವಾಗಿ ಉರಿದ ಜಾಗಗಳಲ್ಲಿ ಹೀಗೇ ಆಯಿತು. ಫೇರ್‌ಬ್ಯಾಂಕ್ಸ್ ಹತ್ತಿರದ ಬೊನಾಂಜಾ ಕ್ರೀಕ್ ಸಂಶೋಧನಾ ತಾಣದವರು 1987ರಿಂದಲೂ ಆ ಸೀಮೆಯ ಕಾಡನ್ನು ಬೆನ್ನುಹತ್ತಿದವರು. ಈ ಬದಲಾವಣೆಯನ್ನೂ ವರ್ಷ ವರ್ಷ ಅಳೆದರು.

ಎಲೆ ಉದುರಿಸುವ ಈ ಮರಗಳಿಗೆ ಸ್ಪ್ರೂಸ್‌ನಷ್ಟು ಸುಲಭವಾಗಿ ಬೆಂಕಿ ಹಿಡಿಯುವುದಿಲ್ಲ. ಬೇಗ ಬೆಳೆದು ಇಂಗಾಲವನ್ನೂ ಕೂಡಿಡುತ್ತವೆ. ಎಳೆ ಚಿಗುರು ಮೇಯುವ ಭಾರಿ ಗಾತ್ರದ ಜಿಂಕೆ ಮೂಸ್‌ಗೆ ಹಬ್ಬ. ಹಿಮಸಾರಂಗದ ಜಾತಿಯ ಕ್ಯಾರಿಬೂಗೆ ಮಾತ್ರ ಕಷ್ಟ. ಚಳಿಗಾಲದಲ್ಲಿ ಅದು ತಿನ್ನುವ ಕಲ್ಲುಹೂವು ಮತ್ತೆ ಬೆಳೆಯಲು ಹಲವು ದಶಕ ಬೇಕು. ಕ್ಯಾರಿಬೂ ಬೇಟೆಯನ್ನೇ ನಂಬಿದ ಗ್ವಿಚಿನ್, ಡೆನೆ ಮೂಲನಿವಾಸಿಗಳಿಗೆ ಇದು ಊಟದ ಪ್ರಶ್ನೆ.

ನನಗೆ ಹೆಚ್ಚು ಚಿಂತೆ ನೆಲದ ಆ ಪದರದಲ್ಲಿ ಕೂಡಿಬಿದ್ದ ಹಳೆಯ ಇಂಗಾಲದ್ದು. 2014ರಲ್ಲಿ ಕೆನಡಾದ ನಾರ್ತ್‌ವೆಸ್ಟ್ ಟೆರಿಟರೀಸ್‌ನಲ್ಲಿ ಸುಟ್ಟ ಜಾಗದ ಮಣ್ಣನ್ನು ಪರೀಕ್ಷಿಸಿದರು. 60 ವರ್ಷ ತುಂಬದ ಕೆಲವು ಎಳೆ ಕಾಡುಗಳಲ್ಲಿ, ಹಿಂದಿನ ಬೆಂಕಿಗಳಿಂದ ಬಚಾವಾಗಿ ಉಳಿದಿದ್ದ ಇಂಗಾಲವೂ ಈ ಸಲ ಉರಿದುಹೋಗಿತ್ತು. ಮರವಿಲ್ಲದ ಟುಂಡ್ರಾವೂ ಬಚಾವಾಗಿಲ್ಲ. 2007ರಲ್ಲಿ ಅಲಾಸ್ಕಾದ ಅನಾಕ್ಟುವುಕ್ ನದಿಯ ಬಳಿ ಸಿಡಿಲಿನಿಂದ ಹತ್ತಿದ ಒಂದೇ ಬೆಂಕಿ ಸಾವಿರ ಚದರ ಕಿಲೋಮೀಟರ್‌ಗೂ ಜಾಸ್ತಿ ಸುಟ್ಟಿತು, ಸುಮಾರು 21 ಲಕ್ಷ ಟನ್ ಇಂಗಾಲ ಗಾಳಿಗೆ ಹೋಯಿತು. ಇಡೀ ಆರ್ಕ್ಟಿಕ್ ಟುಂಡ್ರಾ ಒಂದು ವರ್ಷದಲ್ಲಿ ಹೀರಿಕೊಳ್ಳುತ್ತಿದ್ದಷ್ಟು!

ನಿಮ್ಮ ಮಗುವನ್ನು ಕಾಡಿದ ಹೊಗೆಗೂ ಈ ನೆಲಕ್ಕೂ ನಂಟಿದೆ. ಹೊಗೆ ಬರೀ ಮರದ್ದಲ್ಲ. ನೆಲದ ಪದರ ಜ್ವಾಲೆಯಿಲ್ಲದೆ ವಾರಗಟ್ಟಲೆ ಒಳಗೊಳಗೇ ಉರಿಯುತ್ತಾ ದಟ್ಟ ಹೊಗೆ ಬಿಡುತ್ತದೆ. ಕೆಲವೊಮ್ಮೆ ಹಿಮದಡಿ ಇಡೀ ಚಳಿಗಾಲ ಕಳೆದು, ವಸಂತದಲ್ಲಿ ಮತ್ತೆ ಹೊತ್ತಿಕೊಳ್ಳುತ್ತದೆ.

ಹಾಗಾದರೆ ಆರಿಸಬೇಕಾ, ಬಿಡಬೇಕಾ? ಎಲ್ಲ ಕಡೆಗೂ ಒಂದೇ ಉತ್ತರ ಸಲ್ಲದು. ಅಲಾಸ್ಕಾದಲ್ಲಿ ನೆಲವನ್ನು ನಾಲ್ಕು ದರ್ಜೆ ಮಾಡಿದ್ದಾರೆ. ಜನ ಇರುವ ಕಡೆ ತಕ್ಷಣ ಆರಿಸುತ್ತಾರೆ, ದೂರದ ಕಾಡಿನಲ್ಲಿ ಕಣ್ಣಿಟ್ಟು ಉರಿಯಲು ಬಿಡುತ್ತಾರೆ. 2023ರಲ್ಲಿ ಯೂಕಾನ್ ಫ್ಲಾಟ್ಸ್ ವನ್ಯಜೀವಿಧಾಮದವರು ಹೊಸದೊಂದು ಹೆಜ್ಜೆ ಇಟ್ಟರು. ಮನೆಮಠವಿಲ್ಲದಿದ್ದರೂ ಹೆಪ್ಪುನೆಲ ಉಳಿಸಲೆಂದೇ ಸುಮಾರು 16 ಲಕ್ಷ ಎಕರೆಯಲ್ಲಿ ಬೆಂಕಿಯನ್ನು ಮೊದಲಲ್ಲೇ ಆರಿಸಲು ತೀರ್ಮಾನಿಸಿದರು. ನನಗೆ ಇದು ಸರಿ ಅನ್ನಿಸುತ್ತದೆ. ಮರ ಮತ್ತೆ ಬಂದೀತು. ಸಾವಿರಾರು ವರ್ಷದ ಹೆಪ್ಪುನೆಲ ಕರಗಿದರೆ ನಮ್ಮ ಮೊಮ್ಮಕ್ಕಳ ಕಾಲಕ್ಕೂ ಮರಳಿ ಬಾರದು.

ಇದನ್ನು ಓದಿ ಬಂಡೀಪುರಕ್ಕೂ ಬೆಂಕಿ ಒಳ್ಳೆಯದು ಅಂತ ಯಾರೂ ಅಂದುಕೊಳ್ಳಬೇಡಿ. ನಮ್ಮ ಕಾಡಿನ ನೆಲ, ಮರ, ಮಳೆ ಎಲ್ಲ ಬೇರೆ. ಇಲ್ಲಿ ಬಹುಪಾಲು ಬೆಂಕಿ ಮನುಷ್ಯರು ಹಚ್ಚಿದ್ದೇ.

ಸುಟ್ಟ ಕಾಡು ನೋಡಲು ಖಂಡಿತ ಹೋಗಿ, ಮಗುವನ್ನೂ ಕರೆದೊಯ್ಯಿರಿ. ಆದರೆ ಗಾಳಿ ಇರುವ ದಿನ ಬೇಡ. ಸ್ಪ್ರೂಸ್‌ನ ಬೇರು ಮೇಲೆಯೇ ಹರಡಿರುತ್ತದೆ. ಅದನ್ನು ಹಿಡಿದಿದ್ದ ಪದರ ಸುಟ್ಟಿದ್ದರೆ, ನಿಂತಂತೆ ಕಾಣುವ ಮರವೂ ಇದ್ದಕ್ಕಿದ್ದಂತೆ ಉರುಳುತ್ತದೆ.

– ಸಂಪಾದಕ